ನಮಸ್ಕಾರ ಹಾಕುವ ಬೈಕು

ಗುಮಾಸ್ತನ ಬೈಕಿಗೆ ವಿನಯ ಜಾಸ್ತಿ. ಬ್ರೇಕು ಹಿಡಿದರೆ ಸಾಕು, ಮುಂಭಾಗ ಪೂರ್ತಿ ಬಗ್ಗಿ ರಸ್ತೆಗೆ ನಮಸ್ಕಾರ ಹಾಕುತ್ತಿತ್ತು. ಹಿಂದೆ ಕೂತ ಹೆಂಡತಿಯ ಹೆಲ್ಮೆಟ್ಟು ಇವನ ಹೆಲ್ಮೆಟ್ಟಿಗೆ ಟಣ್ಣೆಂದು ಬಡಿಯುತ್ತಿತ್ತು.

"ನಾಳೆಯಿಂದ ನಾನು ಬಸ್ಸಲ್ಲೇ ಹೋಗ್ತೀನಿ," ಎಂದಳು ಅವಳು. "ನನ್ನ ಕತ್ತು ನನಗೆ ಬೇಕು."

ಹೆಂಡತಿ ಬಸ್ಸು ಹತ್ತಿದರೆ ಇವನು ಬೀದಿಯಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ. ಅಂದು ರಜೆಯಿತ್ತು. ಮುಂದಿನ ಚಕ್ರವನ್ನು ಎರಡು ಕಡೆ ಹಿಡಿದಿರುವ ಫೋರ್ಕಿನೊಳಗಿನ ಎಣ್ಣೆ ಹಾಳಾಗಿದೆ, ಬದಲಾಯಿಸಿದರೆ ಮಾನ ಉಳಿಯುತ್ತದೆ ಎಂದುಕೊಂಡು ಅಂಗಳದಲ್ಲಿ ಸ್ಪ್ಯಾನರು ಹರಡಿಕೊಂಡು ಕೂತ.

ಸದ್ದು ಕೇಳಿ ಮೇಲಿನ ಮನೆಯ ಡ್ರಿಲ್ ಮೇಷ್ಟ್ರು ಬನಿಯನ್ನಿನಲ್ಲೇ ಇಳಿದು ಬಂದರು. ಪಕ್ಕದ ಮನೆಯ ದರ್ಜಿ, ಯಾರದೋ ಪ್ಯಾಂಟಿನ ಒಂದೇ ಕಾಲು ಹೊಲಿದು, ಅಷ್ಟಕ್ಕೇ ಬಿಟ್ಟು ಎದ್ದು ಬಂದ.

"ಮೇಲಿನ ಬೋಲ್ಟು ಬಿಚ್ಚಯ್ಯ," ಎಂದರು ಮೇಷ್ಟ್ರು.

"ಒಳಗೆ ಸ್ಪ್ರಿಂಗ್ ಇದೆ ಸಾರ್. ಮೊದಲು ಮುಂದಿನ ಚಕ್ರ ಎತ್ತಿ ನಿಲ್ಲಿಸ್ಬೇಕು."

"ಇಡೀ ಶಾಲೆ ಹುಡುಗರನ್ನ ಎತ್ತಿ ನಿಲ್ಲಿಸಿದೋನು ನಾನು. ಒಂದು ಸ್ಪ್ರಿಂಗಿಗೆ ಹೆದರ್ತೀಯಲ್ಲ, ಗಂಡಸಾ ನೀನು? ತಿರುಗ್ಸು."

ತಿರುಗಿಸಿದ. ಬೋಲ್ಟು ಮೇಷ್ಟ್ರ ಕಿವಿ ಸವರಿಕೊಂಡು ಹಾರಿ ದರ್ಜಿಯ ಮನೆಯ ಕಿಟಕಿಯೊಳಗೆ ನುಗ್ಗಿತು. ಅದನ್ನು ದರ್ಜಿಯ ಅತ್ತೆಯ ಮಂಚದಡಿಯಿಂದ ಹುಡುಕಿ ತರುವಷ್ಟರಲ್ಲಿ ಮಧ್ಯಾಹ್ನವಾಯಿತು. ಬೋಲ್ಟು ಬೇಗ ಸಿಕ್ಕಿತ್ತು, ಮುದುಕಿಯ ಬೈಗುಳ ಬೇಗ ಮುಗಿಯಲಿಲ್ಲ.

ಕೆಳಗಿನ ಸ್ಕ್ರೂ ತೆಗೆದಾಗ ಹಳೆಯ ಎಣ್ಣೆ ಕೊಳೆತ ಮೀನಿನ ವಾಸನೆ ಹೊತ್ತು ಸುರಿಯಿತು. ಬೀದಿನಾಯಿಯೂ ಮೂಗು ತಿರುಗಿಸಿ ಹೋಯಿತು. ಈ ಇಬ್ಬರು ಕದಲಲಿಲ್ಲ.

ಹೊಸ ಎಣ್ಣೆ ಫೋರ್ಕಿನ ಎರಡು ಕಾಲಿಗೂ ಸಮನಾಗಿ ಬೀಳಬೇಕು. ಗುಮಾಸ್ತ ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದು ಎಣಿಸಿ ಹೊಯ್ಯುತ್ತಿದ್ದ.

"ಇನ್ನೊಂದು ಮುಚ್ಚಳ ಬೀಳ್ಲಿ," ಎಂದರು ಮೇಷ್ಟ್ರು.

"ಬೇಡಣ್ಣ, ಬಿಗಿಯಾಗತ್ತೆ. ಪ್ಯಾಂಟಾದ್ರೂ ಅಷ್ಟೇ, ಸ್ವಲ್ಪ ಸಡಿಲ ಇರ್ಬೇಕು," ಎಂದ ದರ್ಜಿ.

"ಇಬ್ರೂ ಬಾಯಿ ಮುಚ್ಕೊಂಡಿರ್ತೀರಾ? ಎಣಿಕೆ ತಪ್ಪಿಹೋಯ್ತು."

ಹೊಯ್ದದ್ದನ್ನೆಲ್ಲ ಹೊರಗೆ ಸುರಿದು ಮತ್ತೆ ಮೊದಲಿನಿಂದ ಅಳೆದ.

ಸಂಜೆ ಹೊತ್ತಿಗೆ ಕೆಲಸ ಮುಗಿಯಿತು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬೀದಿಯ ತುದಿಗೆ ಹೋಗಿ, ಎಲ್ಲರಿಗೂ ಕಾಣುವ ಹಾಗೆ ಗಬಕ್ಕನೆ ಬ್ರೇಕು ಹಿಡಿದ. ಬೈಕು ಒಂದಿಷ್ಟೇ ತಗ್ಗಿ, ಗತ್ತಿನಿಂದ ನಿಂತಿತು.

ಟಣ್.

"ಗಾಡಿ ಬಗ್ಗಲಿಲ್ಲ, ನೋಡ್ದ್ಯಾ?" ಎಂದ ಗುಮಾಸ್ತ, ತಲೆ ಹಿಡಿದುಕೊಂಡೇ.

"ನೋಡ್ದೆ. ಅಂದ್ರೆ ತಪ್ಪು ಗಾಡೀದಲ್ಲ, ನಿಮ್ದು. ಒದ್ದೆ ಬಟ್ಟೆ ಹಿಂಡಿದ ಹಾಗೆ ಬ್ರೇಕು ಹಿಂಡ್ತೀರಲ್ರೀ. ಇಳೀರಿ, ಹಿಂದೆ ಕೂತ್ಕೊಳ್ಳಿ."

"ನಿಂಗೆ ಓಡ್ಸಕ್ಕೆ ಬರತ್ತಾ?"

"ಮದುವೆಗೆ ಮುಂಚೆ ನಮ್ಮಪ್ಪನ್ನ ದಿನಾ ಕೆಲಸಕ್ಕೆ ಬಿಡ್ತಿದ್ದೋಳು ನಾನೇ."

"ಮತ್ತೆ ಇಷ್ಟು ದಿನ ಹೇಳ್ಲೇ ಇಲ್ಲ?"

"ನೀವು ಕೇಳಿದ್ರಾ?"

ಗಂಡನನ್ನು ಹಿಂದೆ ಕೂರಿಸಿಕೊಂಡು ಓಡಿಸಿದ ಅವಳು, ಮೇಷ್ಟ್ರು, ದರ್ಜಿ ನಿಂತಿದ್ದಲ್ಲಿಗೆ ಬಂದಾಗ ಬ್ರೇಕು ಹಿಡಿದಳು. ಗುಮಾಸ್ತ ಕಣ್ಣು ಮುಚ್ಚಿ, ದೇವರೇ, ಒಂದೇ ಒಂದು ಸಲ ಹೆಲ್ಮೆಟ್ಟು ಬಡಿಯಲಿ ಎಂದು ಬೇಡಿಕೊಂಡ. ಗಾಡಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಿಂತಿತು.

"ಭೇಷ್ ಕಣಮ್ಮ," ಎಂದರು ಮೇಷ್ಟ್ರು. "ನಾನು ಹೇಳ್ಕೊಟ್ಟ ಹಾಗೇ ಎಣ್ಣೆ ಹಾಕಿದಾನೆ."

ಅವಳು ಹಿಂದಕ್ಕೆ ತಿರುಗಿ, ಇಡೀ ಬೀದಿಗೆ ಕೇಳುವಂತೆ ಗಂಡನಿಗೆ ಹೇಳಿದಳು:

"ನಾಳೆ ಸಂಜೆ ಆಫೀಸಿನ ಗೇಟ್ ಹತ್ರ ನಿಂತಿರಿ, ಬಂದು ಕರ್ಕೊಂಡ್ಹೋಗ್ತೀನಿ. ತಡ ಮಾಡಿದ್ರೆ ಕಾಯಲ್ಲ."