ಎರಡಿಂಚು ಮಾರ್ಜಿನ್

“ಟೇಪು ಯಾಕಪ್ಪಾ? ನಲವತ್ತೆರಡು ವರ್ಷದಿಂದ ನನ್ನ ಹೆಂಡತಿ ರವಿಕೆ ಹೊಲಿದವನು ನಾನು. ಒಂದು ದಿನ ಟೇಪು ಹಿಡಿದಿದ್ದೀನಾ? ಬೇರೆ ಹೆಂಗಸರ ಅಳತೆಯೆಲ್ಲ ಪುಸ್ತಕದಲ್ಲಿದೆ, ಇವಳದ್ದು ನನ್ನ ತಲೇಲಿದೆ. ಎತ್ತರ ಐದಡಿ ಒಂದಿಂಚು. ನಿದ್ದೆಗಣ್ಣಲ್ಲಿ ಕೇಳಿದ್ರೂ ಹೇಳ್ತೀನಿ. ನೀನು ಗೋಡೆ ಕೊರಿ, ಅಳತೆ ನನಗೆ ಬಿಡು. ಮತ್ತೆ, ಎಲ್ಲದಕ್ಕೂ ಎರಡಿಂಚು ಮಾರ್ಜಿನ್ ಇಟ್ಕೋ. ನೀರು ಬೀಳೋ ಜಾಗ. ಒಗೆದ ಮೇಲೆ ಎಲ್ಲವೂ ಕುಗ್ಗುತ್ತೆ.”

“ಸ್ಟೀಲ್ ಹಿಡಿಕೆ ಕುಗ್ಗಲ್ಲ ಯಜಮಾನ್ರೇ,” ಎಂದ ಬಡಗಿ.

“ಬಟ್ಟೆ ಅಂಗಡಿಯವನೂ ಹಿಂಗೇ ಹೇಳೋದು,” ಎಂದರು ಟೈಲರ್ ಯಜಮಾನರು. ಅಲ್ಲಿಗೆ ವಾದ ಮುಗಿಯಿತು.

ವಿಷಯ ಇಷ್ಟೇ. ಮೂರು ತಿಂಗಳ ಹಿಂದೆ ಅವರ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿ ಮಗಳ ಮನೆ ಸೇರಿದರು. ಮಗಳು ಚೆನ್ನಾಗಿಯೇ ನೋಡಿಕೊಂಡಳು. ತೊಂದರೆ ಇದ್ದದ್ದೇ ಅಲ್ಲಿ. ನೀರು ಬೇಕೆಂದರೆ ಕೈಗೆ ಲೋಟ, ಸ್ನಾನಕ್ಕೆ ಒಬ್ಬಳು ನರ್ಸು. “ನನ್ನ ಬೆನ್ನನ್ನ ನಾನೇ ನೋಡಿಲ್ಲ, ಊರವರೆಲ್ಲ ನೋಡಿಯಾಯ್ತು. ಬಾಗಿಲು ಹಾಕ್ಕೊಂಡು ಒಂದು ಚೊಂಬು ನೀರು ಸುರ್ಕೊಳ್ಳೋ ಭಾಗ್ಯ ಇಲ್ಲ ನನಗೆ,” ಎಂದು ಆಕೆ ದಿನಾ ಫೋನಿನಲ್ಲಿ ಗಂಡನಿಗೆ ಹೇಳುತ್ತಿದ್ದರು. (ಗಂಡ ಆಗ ಸೀದ ಅನ್ನದ ಪಾತ್ರೆ ಉಜ್ಜುತ್ತಿರುತ್ತಿದ್ದರು. ಇಬ್ಬರ ದುಃಖವೂ ಒಂದೇ ತೂಕದ್ದು.)

ಕಡೆಗೆ ಒಪ್ಪಂದವಾಯಿತು. ಮನೆಯಲ್ಲಿ ಬೇಕಾದ ಅನುಕೂಲ ಮಾಡಿಸುವುದು. ಶುಕ್ರವಾರ ಆಸ್ಪತ್ರೆಯ ಫಿಜಿಯೋ ಮೇಡಂ ಬಂದು ನೋಡುವುದು. ಯಾರ ಕೈಯನ್ನೂ ಹಿಡಿಯದೆ ಅಮ್ಮ ಸ್ನಾನ ಮಾಡಿ, ಒಂದು ಪಾತ್ರೆ ಟೀ ಕಾಯಿಸಿದರೆ ಇಲ್ಲೇ ಇರಬಹುದು. ಇಲ್ಲದಿದ್ದರೆ ಕಾಯಂ ಮಗಳ ಮನೆ. ಮಗಳು ಆಗಲೇ ಬೀರುವಿನಲ್ಲಿ ಎರಡು ಖಾನೆ ಖಾಲಿ ಮಾಡಿಟ್ಟಿದ್ದಳು.

ಯಜಮಾನರು ಟೊಂಕ ಕಟ್ಟಿ ನಿಂತರು. ಬಚ್ಚಲ ಗೋಡೆಗೆ ಹಿಡಿಕೆ, ಕೂತು ಸ್ನಾನ ಮಾಡಲು ಮರದ ಕುರ್ಚಿ, ಕೂತೇ ಅಡುಗೆ ಮಾಡಲು ಒಂದು ಮೇಜು. ಹಿಡಿಕೆಗಳಲ್ಲೂ ಮಾರ್ಜಿನ್ ಇರಲೆಂದು ಒಂದು ಹೆಚ್ಚಿಗೆ ತಂದಿದ್ದರು.

ಗುರುವಾರ ಹೆಂಡತಿ ವಾಕರ್ ಊರಿಕೊಂಡು, ಮಗಳ ಜೊತೆ ಮನೆಗೆ ಬಂದರು. ರಾಜ್ಯ ಮರಳಿ ಪಡೆದ ಮಹಾರಾಣಿಯ ಹಾಗೆ ಸುತ್ತ ನೋಡಿ ಬಚ್ಚಲಿಗೆ ಹೋಗಿ ಕುರ್ಚಿಯ ಮೇಲೆ ಕೂತರು. ಎರಡೂ ಕಾಲು ನೆಲ ಬಿಟ್ಟು ಗಾಳಿಯಲ್ಲಿ ತೂಗಾಡಿದವು. ಹಿಡಿಕೆಗೆ ಕೈ ಚಾಚಿದರೆ ಬೆರಳ ತುದಿಯಷ್ಟೇ ತಾಗಿತು. ಒಣಹಾಕಿದ ಟವೆಲಿನ ಹಾಗೆ ಕಂಡರು. ಅಡುಗೆಮನೆಯ ಮೇಜಿನ ಮುಂದೆ ಕೂತರೆ ಅದರ ಅಂಚು ಗಲ್ಲಕ್ಕೆ ಬಂತು.

“ಟೀ ಉಕ್ಕಿದ್ದು ನನ್ನ ಮೂಗಿಗೆ ಗೊತ್ತಾಗುತ್ತೆ, ಕಣ್ಣಿಗಲ್ಲ,” ಎಂದರು.

“ಸಾಕಪ್ಪಾ ಈ ಪ್ರಯೋಗ! ಅಮ್ಮಾ, ಏಳು, ಹೋಗೋಣ,” ಎಂದು ಮಗಳು ಅಮ್ಮನ ಬಟ್ಟೆಯ ಬ್ಯಾಗು ಎತ್ತಿಕೊಂಡಳು.

ಹೆಂಡತಿ ಮಾತ್ರ ಕದಲಲಿಲ್ಲ.

“ರೀ, ಟೇಪು ತನ್ನಿ. ಗಂಡನಾಗಿ ಬೇಡ, ಟೈಲರಾಗಿ ಅಳೀರಿ. ಇವತ್ತೇ ಅಂಗಡಿಗೆ ಬಂದ ಹೊಸ ಗಿರಾಕಿ ನಾನು, ತಿಳ್ಕೊಳ್ಳಿ.”

“ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ ಅಮ್ಮಾ,” ಎಂದುಬಿಟ್ಟರು, ಅಭ್ಯಾಸಬಲ. ಟೇಪು ನಾಲ್ಕಡಿ ಹತ್ತಿಂಚು ತೋರಿಸಿತು. ಮತ್ತೆ ಹಿಡಿದರು, ಅದೇ.

“ಟೇಪು ಕುಗ್ಗಿದೆ.”

“ಟೇಪಲ್ಲ ಕಣ್ರೀ, ನಾನು. ಒಗೆದ ಮೇಲೆ ಎಲ್ಲವೂ ಕುಗ್ಗುತ್ತೆ ಅಂತ ನೀವೇ ಹೇಳ್ತೀರಲ್ಲ. ನಿಮ್ಮ ಸಂಸಾರದಲ್ಲಿ ಒಗೆಸಿಕೊಂಡಿದ್ದು ಕಮ್ಮೀನಾ?”

“ಮತ್ತೆ ನಾನು ಹೊಲಿದ ರವಿಕೆ ಸರಿಯಾಗೇ ಕೂರ್ತಿತ್ತಲ್ಲ?”

“ಎಂಟು ವರ್ಷದಿಂದ ಒಂದೊಂದನ್ನೂ ಒಳಗಿಂದ ಹಿಡಿದು ಹೊಲ್ಕೊಂಡೇ ಹಾಕ್ಕೊಂಡಿದ್ದೀನಿ.”

“ಹೇಳಬಾರದಿತ್ತಾ?”

“ಬಾಯಿ ಬಿಟ್ಟು ಹೇಳಿದ್ರೆ ಟೇಪು ಹಿಡೀತಿದ್ರಾ?”

ಯಜಮಾನರು ಅಳತೆ ಪುಸ್ತಕದಲ್ಲಿ ಹೊಸ ಪುಟ ತೆಗೆದು, ಹೆಂಡತಿಯದನ್ನು ಮೊದಲ ಸಲ ಬರೆದುಕೊಂಡರು. ಕೂತ ಎತ್ತರ, ಮಂಡಿಯಿಂದ ಪಾದ, ಕೈ ಚಾಚಿದರೆ ಎಷ್ಟು, ಎಲ್ಲವನ್ನೂ. ಬಡಗಿ ಮತ್ತೆ ಬಂದ. ಕುಗ್ಗಿದ್ದು ಮೂರಿಂಚು, ಮಾರ್ಜಿನ್ ಎರಡಿಂಚು. ಎಲ್ಲವೂ ಐದಿಂಚು ಕೆಳಗಿಳಿಯಿತು. ಗರಗಸ ಎಳೆಯುತ್ತಾ ಬಡಗಿ ಸಿಳ್ಳೆ ಹೊಡೆಯುತ್ತಿದ್ದ. ಅದು ಯಜಮಾನರಿಗೆ ಮಾತಿಗಿಂತ ಹೆಚ್ಚು ಚುಚ್ಚಿತು.

ಶುಕ್ರವಾರ ಫಿಜಿಯೋ ಮೇಡಂ ಬಂದರು. ಬಚ್ಚಲ ಬಾಗಿಲು ಹಾಕಿಕೊಂಡಿತು. ಒಳಗೆ ನೀರು ಸುರಿದ ಸದ್ದು. ಯಜಮಾನರು ಬಾಗಿಲಿಗೆ ಕಿವಿಯಿಟ್ಟು ನಿಂತರು.

“ಅಲ್ಲಿ ನಿಂತ್ಕೋಬೇಡಿ, ಕೆಳಗೆ ನಿಮ್ಮ ನೆರಳು ಕಾಣುತ್ತೆ!” ಎಂದು ಒಳಗಿಂದ ಗದರಿಕೆ ಬಂತು. ಆ ಗದರಿಕೆ ಕೇಳಿ ಅವರಿಗೆ ಕಣ್ಣು ತುಂಬಿತು. ಮೂರು ತಿಂಗಳಾಗಿತ್ತು, ಮನೆಯಲ್ಲಿ ಅವರನ್ನು ಬೈಯುವವರಿರಲಿಲ್ಲ.

ಕೂದಲು ಒರೆಸಿಕೊಳ್ಳುತ್ತಾ ಆಕೆ ತಾವೇ ಹೊರಬಂದರು. ಕೂತೇ ಟೀ ಕಾಯಿಸಿದರು. ಒಂದು ಹನಿ ಚೆಲ್ಲಲಿಲ್ಲ. ಮೇಡಂ ಕಾಗದದಲ್ಲಿ ಗೆರೆ ಎಳೆದು, “ಅಮ್ಮಾ, ನೀವು ಪಾಸು,” ಎಂದರು. ಮಗಳು ತಾಯಿಯ ಮುಖ ನೋಡಿ, ಬ್ಯಾಗನ್ನು ಮೆಲ್ಲಗೆ ಮಂಚದ ಕೆಳಗೆ ತಳ್ಳಿದಳು.

ಮೇಡಮ್ಮನ ಕೈಯ ಖಾಲಿ ಲೋಟ ತಾವೇ ತೆಗೆದುಕೊಳ್ಳೋಣವೆಂದು ಯಜಮಾನರು ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನಿಂದ ಏಳಹೊರಟರು. ಒಂದು ಕೈ ಯಂತ್ರಕ್ಕೆ, ಒಂದು ಕೈ ಗೋಡೆಗೆ. ಒಂದು, ಎರಡು, ಮೂರು... ಮೂರಕ್ಕೆ ಮತ್ತೆ ಕೂತರು.

“ದಿನಾ ಹೀಗೇನಾ?” ಎಂದರು ಮೇಡಂ.

“ಇಲ್ಲ ಇಲ್ಲ, ಇವತ್ತು ಸ್ಟೂಲು ಸರಿಯಿಲ್ಲ.”

“ಸ್ಟೂಲಿಗೆ ಆರು ವರ್ಷದಿಂದ ಮಂಡಿ ನೋವು,” ಎಂದರು ಹೆಂಡತಿ.

ಮೇಡಂ ಹೊಸ ಕಾಗದ ತೆಗೆದರು. “ಅಮ್ಮನ ಚಿಂತೆ ಇಲ್ಲ. ಈ ಮನೇಲಿ ಈಗ ನೀವೇ ಫೇಲು. ಹಿಡಿಕೆ ಮಿಕ್ಕಿದೆಯಾ?”

ಮಿಕ್ಕಿತ್ತು. ಮಾರ್ಜಿನ್‌ಗೆ ತಂದದ್ದು. ಕೂಲಿ ತಗೊಳ್ಳಲು ಬಂದಿದ್ದ ಬಡಗಿ ಯಂತ್ರದ ಪಕ್ಕದ ಗೋಡೆಗೆ ಪೆನ್ಸಿಲ್ ಹಿಡಿದ.

“ನನ್ನ ಎತ್ತರ ಐದಡಿ ಏಳಿಂಚು, ಬರ್ಕೋ...” ಎನ್ನುವಷ್ಟರಲ್ಲಿ ಹೆಂಡತಿ ಟೇಪಿನ ತುದಿಯನ್ನು ಮಗಳ ಕೈಗೆ ಕೊಟ್ಟಾಗಿತ್ತು.

“ನೆಟ್ಟಗೆ ನಿಂತ್ಕೊಳ್ಳಿ ಅಪ್ಪಾ,” ಎಂದಳು ಮಗಳು, ಅವರನ್ನು ತೋಳು ಹಿಡಿದು ಎಬ್ಬಿಸಿ. “ಐದಡಿ ಐದು.”

“ಎರಡಿಂಚು ಮಾರ್ಜಿನ್ ಇಡ್ಲಾ ಯಜಮಾನ್ರೇ?” ಎಂದು ಬಡಗಿ ಬಹಳ ವಿನಯದಿಂದ ಕೇಳಿದ.

ಯಜಮಾನರು ಕೇಳಿಸಲಿಲ್ಲವೆಂಬಂತೆ ಖಾಲಿ ಲೋಟಗಳನ್ನು ಒಟ್ಟು ಮಾಡಿಕೊಂಡು ಅಡುಗೆಮನೆಗೆ ನಡೆದರು. ಅಲ್ಲಿ ಹೆಂಡತಿ ಆಗಲೇ ಮೇಜಿನ ಮುಂದೆ, ಎರಡೂ ಪಾದ ನೆಲಕ್ಕೂರಿ, ಬೋಗುಣಿಯ ತುಂಬ ನೀರಿಟ್ಟುಕೊಂಡು ಕೂತಿದ್ದರು. ಆಕೆ ಒಂದೊಂದಾಗಿ ಲೋಟ ತೊಳೆದು ಕೊಟ್ಟರು, ಯಜಮಾನರು ಒಂದೊಂದಾಗಿ ಒರೆಸಿ ಕವುಚಿಟ್ಟರು.