ತ್ರೀ ನಾಟ್ ತ್ರೀ ಒದೆತ

ಹಂಪಸಾಗರದ ಹೊಳೆದಂಡೆಯಲ್ಲಿ ನಿಂತು, ಹೊಳೆಯಾಚೆಯ ಮರದಲ್ಲಿ ತೂಗುತ್ತಿದ್ದ ಮಾವಿನಕಾಯಿಯ ತೊಟ್ಟನ್ನಷ್ಟೇ ಗುಂಡಿನಿಂದ ಕತ್ತರಿಸಿದವ ನಾನು. ಸುಳ್ಳು. ಮರ ಇತ್ತು, ಉಳಿದದ್ದೆಲ್ಲ ನಾನೇ ಸೇರಿಸಿದ್ದು. ಆದರೆ ಕೊಟ್ಟೂರಿನ ಹೋಂಗಾರ್ಡ್ ಆಗಿ ತ್ರೀ ನಾಟ್ ತ್ರೀ ಬಂದೂಕು ಹಿಡಿದದ್ದು ಖರೆ. ಬಿಳಿಯರು ತಮ್ಮ ಯುದ್ಧ ಮುಗಿಸಿ ಬಿಟ್ಟುಹೋದ ಬಂದೂಕುಗಳವು. ಒಂದೊಂದು ಗುಂಡಿಗೂ ಬೋಲ್ಟ್ ಹಿಂದಕ್ಕೆಳೆದು ಮುಂದಕ್ಕೆ ನೂಕಬೇಕು. ಈಗ ಅವನ್ನೆಲ್ಲ ಸರ್ಕಾರದವರು ವಾಪಸ್ ತಗೊಂಡು ಹೋಗಿದ್ದಾರೆ. ಅವು ಇದ್ದಷ್ಟು ದಿನ, ಕೂಡ್ಲಿಗಿ ಕಡೆಯ ಗುಡ್ಡದ ಬುಡದಲ್ಲಿ ಫೈರಿಂಗ್ ಕ್ಯಾಂಪ್ ನಡೆದಾಗಲೆಲ್ಲ ಏನಾದರೊಂದು ಆಗದೆ ಸಂಜೆಯಾಗುತ್ತಿರಲಿಲ್ಲ. ನನ್ನ ಮದುವೆ ಮಾತು ನಡೆದ ವರ್ಷದ್ದೇ ಹೇಳ್ತೀನಿ.

ಭುಜದ ಬುತ್ತಿ

ನಮಗೆ ಕಲಿಸುತ್ತಿದ್ದ ಉಸ್ತಾದರು ಕಾನಹೊಸಹಳ್ಳಿಯವರು, ಮಿಲಿಟರಿಯಿಂದ ನಿವೃತ್ತರು. ಅವರ ಮಗಳನ್ನು ನಾನು ಮೆಚ್ಚಿದ್ದೆ, ಅವಳೂ ಒಲ್ಲೆ ಅಂದಿರಲಿಲ್ಲ. ಹಿರಿಯರನ್ನು ಕಳಿಸಿ ಕೇಳಿಸಿದರೆ ಉಸ್ತಾದರು, "ತ್ರೀ ನಾಟ್ ತ್ರೀ ಒದೆತ ತಡ್ಕೊಳ್ಳದವನಿಗೆ ನನ್ನ ಮಗಳ್ನ ಕೊಡಂಗಿಲ್ಲ. ಕ್ಯಾಂಪಿಗೆ ಬರ್ಲಿ, ನೋಡೋಣ" ಅಂದುಬಿಟ್ಟರು.

ಆ ಬಂದೂಕು ಗುಂಡನ್ನು ಎಷ್ಟು ಸಿಟ್ಟಿನಿಂದ ಮುಂದಕ್ಕೆ ಒಗೆಯುತ್ತದೋ, ಅಷ್ಟೇ ಸಿಟ್ಟಿನಿಂದ ಹಿಂದಿದ್ದವನ ಭುಜಕ್ಕೆ ಒದೆಯುತ್ತದೆ. ಜಾಣರು ಅಂಗಿಯೊಳಗೆ ಟವಲ್ ಮಡಚಿಡುತ್ತಿದ್ದರು. ಉಸ್ತಾದರು ಕಂಡರೆ ಕಿತ್ತೊಗೆಯುತ್ತಿದ್ದರು. ಅದಕ್ಕೇ ನಾನು ಟವಲ್ ಬದಲು ಒಂದು ಕಟ್ಟು ಖಡಕ್ ಜೋಳದ ರೊಟ್ಟಿ ಸೇರಿಸಿಕೊಂಡೆ. ಮಲಗಿ ಗುಂಡು ಹಾರಿಸಿದ್ದೇ ತಡ, ಭುಜದಲ್ಲಿ ಚಟಚಟ ಸದ್ದು.

ಉಸ್ತಾದರು ಗಾಬರಿಯಾಗಿ ಓಡಿಬಂದರು. "ಅಯ್ಯೋ, ಎಲುಬು ಪುಡಿ ಆತಲ್ಲೋ!" ಅಂಗಿಯೊಳಗೆ ಕೈ ಹಾಕಿದರೆ ಹಿಡಿ ತುಂಬ ರೊಟ್ಟಿ ಚೂರು. ಒಂದನ್ನು ಬಾಯಿಗೆ ಹಾಕಿ, ಸಾವಕಾಶ ಅಗಿದು ಕೇಳಿದರು: "ಶೇಂಗಾ ಚಟ್ನಿ ಯಾವ ಕಿಸೆದಾಗ ಐತಿ?"

ಸೊಟ್ಟ ನಳಿಗೆ

ಆ ಬಂದೂಕುಗಳಿಗೆ ಒಂದೊಂದಕ್ಕೆ ಒಂದೊಂದು ಸ್ವಭಾವ. ದಾರ ಹಿಡಿದಂತೆ ನೆಟ್ಟಗೆ ಹೊಡೆಯುವಂಥವೂ ಇದ್ದವು. ನನ್ನ ಪಾಲಿಗೆ ಬಂದದ್ದು ಮಾತ್ರ ಪಕ್ಕದವನ ಗುರಿಹಲಗೆಗೆ ಬಡಿಯುವಷ್ಟು ಬಲಕ್ಕೆ ಎಳೆಯುತ್ತಿತ್ತು. ಮರುದಿನ ಗುರಿ ಪರೀಕ್ಷೆ. ನನ್ನ ಬಲಗಡೆ ನಮ್ಮ ಸೀಮೆಯ ಅರಸೀಕೆರೆಯ ದರ್ಜಿ, ನನ್ನ ಗೆಳೆಯ. ಅವನದು ನೆಟ್ಟನೆಯ ಬಂದೂಕು. ಅವನು ನೀರು ಕುಡಿಯಲು ಹೋದಾಗ ಮೆಲ್ಲಗೆ ಅದಲುಬದಲು ಮಾಡಿದೆ. ಅವನು ನನಗಿಂತ ಕಿಲಾಡಿ. ನಾನು ಬೀಡಿ ಹಚ್ಚಿ ಬರೋದ್ರೊಳಗೆ ತಿರುಗಿ ಬದಲಿಸಿದ್ದ.

ನನ್ನ ಹಲಗೆ ಅಂಗಡಿಯಿಂದ ತಂದಂಗಿತ್ತು. ನನ್ನ ಗುಂಡುಗಳೂ ಹೋಗಿ ಸೇರಿ ದರ್ಜಿಯ ಹಲಗೆ ಜರಡಿ. ಉಸ್ತಾದರು ಅವನ ಬೆನ್ನು ತಟ್ಟಿ, ನನ್ನ ಕಡೆ ಒಮ್ಮೆ ನೋಡಿ, ಅವನನ್ನೇ ಕೇಳಿದರು: "ನಿಂದು ಮದುವಿ ಆಗೇತೇನಪ್ಪಾ?"

ಎರಡು ಮಕ್ಕಳ ತಂದೆ ದರ್ಜಿ ನಾಚಿಕೊಂಡ. "ಆಗೇತ್ರಿ. ಆದ್ರೂ ನೀವು ಹೇಳಿದ್ರ ವಿಚಾರ ಮಾಡ್ತೀನ್ರಿ."

ಮಜ್ಜಿಗೆ ದಿನ

ಕೊನೆಯ ದಿನ ಉಸ್ತಾದರ ಹೆಂಡತಿ ಮಗಳೊಂದಿಗೆ ಬಂದು ಎಲ್ಲರಿಗೂ ಮಜ್ಜಿಗೆ ಕೊಡುವುದು ರೂಢಿ. ನಮ್ಮ ಹಿಂದೆಯೇ ಹಂಡೆ ಇಳಿಸಿ ಇಬ್ಬರೂ ನೋಡುತ್ತ ನಿಂತರು. ನನಗೆ ಕಡೇ ಅವಕಾಶ: ನಿಂತು ಹೊಡೆಯಬೇಕು, ಅಂಗಿಯೊಳಗೆ ಏನೂ ಇರಬಾರದು.

"ಒಂದು ಹೆಜ್ಜಿ ಹಿಂದಕ್ಕ ಇಟ್ಟಿ ಅಂದ್ರ ಈ ಸಂಬಂಧ ಮುಗೀತು," ಎಂದು ಉಸ್ತಾದರು ನನ್ನ ಬೆನ್ನ ಹಿಂದೆಯೇ ಎದೆ ಸೆಟೆಸಿ ನಿಂತರು. "ನಾನು ಸರ್ವಿಸಿನಾಗ ಒಮ್ಮೆನೂ ಜಗ್ಗಿಲ್ಲ."

ಕಣ್ಣು ಮುಚ್ಚಿ ಟ್ರಿಗರ್ ಒತ್ತಿದೆ. ಗುಂಡು ಎಲ್ಲಿ ಹೋಯಿತೋ ಗುಡ್ಡಕ್ಕೇ ಗೊತ್ತು. ನಾನು ಹೆಜ್ಜೆ ಇಡಲಿಲ್ಲ, ಹಾರಿದೆ. ನಾನು ಉಸ್ತಾದರ ಮೇಲೆ, ಉಸ್ತಾದರು ಮಜ್ಜಿಗೆ ಹಂಡೆಯೊಳಗೆ.

ಮೀಸೆಯಿಂದ ಕರಿಬೇವು ಕಿತ್ತುಕೊಳ್ಳುತ್ತ ಎದ್ದು ಅವರು ಗುಡುಗಿದರು: "ಮುಗೀತು! ನಡಿ ಇಲ್ಲಿಂದ!"

ಅವರ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೂ ನಕ್ಕೂ ಸುಸ್ತಾಗಿ ಅಂದರು: "ಏನ್ ಮುಗಿಯೋದ್ರಿ? ಮದುವಿ ಆದಾಗಿಂದ ನಿಮ್ಮನ್ನ ಯಾರಾದ್ರೂ ಒಬ್ರು ಕೆಡವ್ಲಿ ಅಂತ ಕಾಯಾಕತ್ತೀನಿ. ಇವನೊಬ್ಬ ಸಿಕ್ಕಾನ. ಮಗಳ್ನ ಇವನಿಗೇ ಕೊಡೋದು."

ಕೊಟ್ಟರು. ಅವತ್ತು ಗಾಳಿ ಭಾಳ ಜೋರಿತ್ತು ಅಂತಾರೆ ಮಾವ, ಇವತ್ತಿಗೂ. ನಾನೂ ಹೌದ್ರಿ ಅಂತೀನಿ. ಓ, ಹಡಗಲಿ ಬಸ್ಸು ಬಂತು, ಬರ್ತೀನ್ರಿ. ಈ ಚಹಾದ್ದು ನೀವೇ ಕೊಟ್ಟುಬಿಡ್ರಿ.