ಸದ್ದಿಲ್ಲದ ಡಬ್ಬಿ

ನಮ್ಮ ಮನೆಯ ಲ್ಯಾಪ್‌ಟಾಪಿಗೆ ಹೊಟ್ಟೆ ತುಂಬಿತು. ಸೊಸೆ ಬಂದು ಹಾಗೆ ಹೇಳಿದಾಗ ನಾನು ಬೀನ್ಸ್ ಮುರಿಯುತ್ತಾ ಕೂತಿದ್ದೆ.

"ಇನ್ನೊಂದು ಪುಟ ಓದಿದ್ರೂ ಹಿಡಿಯಲ್ವಂತೆ ಅತ್ತೆ. ಹಳೇದೆಲ್ಲ ಅಳಿಸಿಬಿಡ್ತೀನಿ."

ನಾನು ಬೀನ್ಸನ್ನು ಕಸಕ್ಕೆ ಹಾಕಿ, ನಾರನ್ನು ಪಾತ್ರೆಗೆ ಹಾಕಿದೆ.

ಕಾರಣ ಹೇಳಿಬಿಡುತ್ತೇನೆ. ಕಣ್ಣು ಕಾಣದವರ ಗ್ರಂಥಾಲಯವೊಂದಕ್ಕೆ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಕೊಡುವುದು ನನ್ನ ಸೊಸೆಯ ಕೆಲಸ. ಮೂಲೆಯ ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ, ಮೈಕಿನ ಮುಂದೆ ಕೂತು ಓದುತ್ತಾಳೆ. ನಾನು ಕಲಿತದ್ದು ಮೂರನೇ ಕ್ಲಾಸು. ದಪ್ಪ ಪುಸ್ತಕವೆಂದರೆ ಬಾಗಿಲು ಬಡಿದುಕೊಳ್ಳದ ಹಾಗೆ ಅಡ್ಡ ಇಡಲು ಒಳ್ಳೆಯದು ಎಂದುಕೊಂಡಿದ್ದವಳು. ಅಂಥವಳು ಎರಡು ವರ್ಷದಲ್ಲಿ ಆ ಕೋಣೆಯ ಹೊರಗೆ ಮಣೆ ಹಾಕಿಕೊಂಡು ಕೂತು ಹತ್ತೊಂಬತ್ತು ಕಾದಂಬರಿ ಕೇಳಿ ಮುಗಿಸಿದ್ದೇನೆ. ಕದ್ದು. ಯಾಕೆಂದರೆ ಅವಳು ಈ ಕೆಲಸ ಹಿಡಿದ ಮೊದಲ ವಾರವೇ, "ಇದೇನಮ್ಮ ಒಬ್ಬಳೇ ವಟವಟ, ಕಿವಿಗೆ ಹಿಂಸೆ," ಎಂದು ನನ್ನ ಘನವಾದ ಬಾಯಿಂದ ಅಪ್ಪಣೆಯಾಗಿತ್ತು. ಆಮೇಲೆ ಯಾವ ಮುಖ ಹೊತ್ತು ಒಳಗೆ ಹೋಗಲಿ? ಎಂದಾದರೊಂದು ದಿನ ಧೈರ್ಯ ಮಾಡಿ, ಎಲ್ಲವನ್ನೂ ಮೊದಲಿಂದ ಹಾಕಿಸಿಕೊಂಡು ಕೇಳಬೇಕೆಂಬ ಆಸೆ ಮಾತ್ರ ಇತ್ತು. ಅದನ್ನೇ ಅಳಿಸುತ್ತಾಳಂತೆ.

"ಅಳಿಸೋದು ಬೇಡಮ್ಮ," ಎಂದೆ, ಮಹಾ ಉದಾರಿಯ ಹಾಗೆ. "ಎರಡು ವರ್ಷ ಗಂಟಲು ಹರ್ಕೊಂಡಿದೀಯ. ಜಾಗ ಸಾಲದಿದ್ರೆ ಅಟ್ಟ ಕಟ್ಟಿಸ್ತಾರೆ, ಸಾಮಾನು ಬಿಸಾಡ್ತಾರಾ? ಇದಕ್ಕೊಂದು ಅಟ್ಟ ಸಿಗಲ್ವಾ?"

"ಸಿಗುತ್ತೆ. ಹಾರ್ಡ್ ಡ್ರೈವ್ ಅಂತ. ಹೊರಗಿನಿಂದ ಸಿಕ್ಕಿಸೋದು." ಅವಳು ನನ್ನನ್ನೇ ಒಂದು ಕ್ಷಣ ನೋಡಿ, ಬಂದ ನಗುವನ್ನು ನುಂಗಿಕೊಂಡಳು.

ಸಂಜೆ ಅಂಗಡಿಗೆ ಹೋದೆವು. ಬೇಡವೆಂದರೂ ನಮ್ಮ ಯಜಮಾನರು ಜೊತೆಗೆ ಬಂದರು. ಅವರು ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗಿ ತೂಗಿ ನಿವೃತ್ತರಾದವರು. ಯಾವ ವಸ್ತುವನ್ನಾದರೂ ಅಂಗೈಯಲ್ಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿ ಅದರ ಯೋಗ್ಯತೆ ಹೇಳುತ್ತಾರೆ. (ಹೆಣ್ಣು ನೋಡಲು ಬಂದಾಗ ಕಾಫಿ ಲೋಟಕ್ಕೆ ಮಾತ್ರ ಹಾಗೆ ಮಾಡಿದರು, ನನ್ನ ಪುಣ್ಯ.)

"ಇದು ತಗೋ. ಗಟ್ಟಿ ಮಾಲು," ಎಂದು ದಪ್ಪನೆಯದೊಂದನ್ನು ಎತ್ತಿ ಹಿಡಿದರು.

"ಅದರಲ್ಲಿ ಜಾಗ ಜಾಸ್ತಿ ಸರ್, ಒಳಗೆ ತಟ್ಟೆ ತಿರುಗುತ್ತೆ," ಎಂದ ಅಂಗಡಿಯವನು. "ಈ ಚಿಕ್ಕದರಲ್ಲಿ ತಿರುಗೋದೇನೂ ಇಲ್ಲ. ಕೈಜಾರಿ ಬಿದ್ರೂ ಅಷ್ಟು ಸುಲಭಕ್ಕೆ ಕೆಡಲ್ಲ. ಆದ್ರೆ ಜಾಗ ಅರ್ಧ."

"ಬೆಂಕಿಪೊಟ್ಟಣ ಇದ್ದಂಗಿದೆ," ಎಂದರು ಯಜಮಾನರು.

ನಾನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದವಳು ಬಾಯಿ ಬಿಟ್ಟೆ. "ಎರಡನ್ನೂ ಓಡಿಸಿ ತೋರಿಸಪ್ಪ."

ಅವನು ಓಡಿಸಿದ. ನಾನು ಬಗ್ಗಿ ಒಂದೊಂದಕ್ಕೂ ಕಿವಿ ಕೊಟ್ಟೆ.

"ಕಲ್ಲಂಗಡಿ ಆರಿಸ್ತಿದೀಯೇನೇ?"

"ನಿಮ್ಮದು ಗುರ್ ಅಂತಿದೆ ಕಣ್ರೀ. ಇವಳು ಓದೋವಾಗ ಪಕ್ಕದಲ್ಲಿ ಇದು ಗೊರಕೆ ಹೊಡೆದ್ರೆ ರೆಕಾರ್ಡಿನಲ್ಲಿ ಬರಲ್ವಾ? ನಿಮ್ಮ ಜೊತೆ ಮಲಗಿ ನನಗೆ ಗೊತ್ತು ಅದರ ಕಷ್ಟ. ಸದ್ದಿಲ್ಲದ್ದೇ ಇರಲಿ."

ಅಂಗಡಿಯವನು ಕೈಯೆತ್ತಿ ಮುಗಿದ. "ಇಷ್ಟು ವರ್ಷದಲ್ಲಿ ಯಾರೂ ಹೀಗೆ ಆರಿಸಿಲ್ಲ ಅಜ್ಜಿ."

ಮನೆಗೆ ಬರುವವರೆಗೂ ನಾನು ನೆಲದಿಂದ ಎರಡಂಗುಲ ಮೇಲೆಯೇ ನಡೆದೆ.

ಸೊಸೆ ಡಬ್ಬಿ ಸಿಕ್ಕಿಸಿದಳು. ನೋಡಿದಳು. "ಅತ್ತೆ, ಇದರಲ್ಲಿ ಎಲ್ಲಾ ಹಿಡಿಯಲ್ಲ. ಎರಡು ಗುಂಪಿದೆ. ಒಂದು ಚೆನ್ನಾಗಿರೋದು, ಒಂದು ಕೆಟ್ಟೋಗಿರೋದು. ಯಾವುದಾದರೂ ಒಂದೇ."

"ಕೆಟ್ಟಿದ್ದನ್ನ ಯಾಕೆ ಇಟ್ಕೊಂಡಿದೀಯ ತಾಯಿ? ಬಿಸಾಕು."

"ಒಂದ್ಸಲ ಕೇಳಿ."

ಹಾಕಿದಳು. ಅವಳದೇ ದನಿ: ವಿಧವೆಯೊಬ್ಬಳು ಮನೆ ಪತ್ರಕ್ಕೆ ರುಜು ಹಾಕಲು ಪೆನ್ನು ತೆಗೆದುಕೊಳ್ಳುತ್ತಾಳೆ. ಹಿಂದೆ ಟಕ್, ಟಕ್ ಎಂದು ಬೀನ್ಸ್ ಮುರಿಯುವ ಸದ್ದು. ಆಮೇಲೆ ಬಾಗಿಲಾಚೆಯಿಂದ ಸ್ಪಷ್ಟವಾಗಿ, "ಬೇಡ ಕಣೇ, ಆ ವಕೀಲ ಮುಂಡೇಮಗನ್ನ ನಂಬಬೇಡ."

ಇನ್ನೊಂದರಲ್ಲಿ ನಾನು ಮೂಗು ಸೀಟುತ್ತಿದ್ದೆ. ಮತ್ತೊಂದರಲ್ಲಿ, "ಲೊಚ್ ಲೊಚ್, ಅನ್ಯಾಯವಾಗಿ ಸತ್ತ."

"ನೀವು ಎದ್ದು ಹೋದ್ಮೇಲೆ ಎಲ್ಲಾ ಅಧ್ಯಾಯಾನೂ ಎರಡನೇ ಸಲ ಓದಿದೀನಿ ಅತ್ತೆ. ಅದಕ್ಕೇ ಲ್ಯಾಪ್‌ಟಾಪ್ ತುಂಬಿದ್ದು."

ಯಜಮಾನರು ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. "ಸದ್ದು ಮಾಡೋದನ್ನ ಮನೇಲೇ ಇಟ್ಕೊಂಡು, ಅಂಗಡೀಲಿ ಕಿವಿ ಕೊಟ್ಟು ಆರಿಸಿದ್ಳಲ್ಲಪ್ಪ."

ನನಗೆ ಸೆರಗೇ ಸಾಲದಾಯಿತು, ಮುಖ ಮುಚ್ಚಲು. "ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?"

"ಹೇಳಿದ್ರೆ ನೀವು ಎದ್ದು ಹೋಗ್ತಿದ್ರಿ. ಬಾಗಿಲು ನಾನೇ ಸ್ವಲ್ಪ ತೆಗೆದಿಡ್ತಿದ್ದೆ. ಕಿವಿಗೆ ಹಿಂಸೆ ಅಂದವರು ಕೂತು ಕೇಳ್ತಾರೆ ಅಂದ್ರೆ, ಎರಡು ಸಲ ಓದಕ್ಕೇನು ಕಷ್ಟ?"

ಎರಡು ವರ್ಷ ನಾನು ಕದ್ದದ್ದಲ್ಲ, ಅವಳು ಬಡಿಸಿದ್ದು.

"ಚೆನ್ನಾಗಿರೋದು ಗ್ರಂಥಾಲಯದಲ್ಲಿದೆ," ಎನ್ನುತ್ತಾ ಗುಂಡಿ ಒತ್ತಿದಳು. "ಇದು ಇನ್ನೆಲ್ಲೂ ಸಿಗಲ್ಲ."

ಹೀಗೆ ನಾನು ಕಿವಿಗೊಟ್ಟು ಆರಿಸಿದ ಸದ್ದಿಲ್ಲದ ಡಬ್ಬಿಯ ತುಂಬ ಈಗ ನನ್ನದೇ ಸದ್ದು. ನನಗೆ ಕೋಣೆಯ ಒಳಗೇ ಒಂದು ಕುರ್ಚಿ ಸಿಕ್ಕಿದೆ. ಬೀನ್ಸಿಗೆ ಪ್ರವೇಶವಿಲ್ಲ. ಓದು ಮುಗಿಯುವ ತನಕ ನಾನು ಬಾಯಿಗೆ ಸೆರಗು ಒತ್ತಿಕೊಂಡಿರಬೇಕೆಂದು ಕರಾರು.

ನಿನ್ನೆಯೂ ಒಂದು ಅಧ್ಯಾಯ ಎರಡು ಸಲ ಓದಬೇಕಾಯಿತು.